ಯಾರು ಬೇಕಾದರೂ ಒತ್ತಬಹುದಾದ ಬಟನ್

ಬಾಗಲಕೋಟೆಯಲ್ಲಿ ನಾನು ವೆಬ್‌ಸೈಟ್ ಮಾಡಿಕೊಡುವವನು. ಮೊದಲೆಲ್ಲ ಒಂದಕ್ಷರ ತಿದ್ದಬೇಕಾದರೂ ಜನ ನನಗೇ ಫೋನ್ ಮಾಡಬೇಕಿತ್ತು. ಈಗ ಸಿಎಂಎಸ್ ಎಂಬ ವ್ಯವಸ್ಥೆ ಬಂದಿದೆ. ಲಾಗಿನ್ ಆಗಿ ಅವರವರ ಸೈಟನ್ನು ಅವರವರೇ ತಿದ್ದಿಕೊಳ್ಳಬಹುದು. ಅನುಕೂಲವೂ ಅದೇ, ಅನಾಹುತವೂ ಅದೇ. ಹೀಗಾಗಿ ನನ್ನ ಫೋನಿಗೆ ಈಗಲೂ ಬಿಡುವಿಲ್ಲ.

ಅಳಿಯ

ಇಳಕಲ್ಲಿನ ಸೀರೆ ಅಂಗಡಿ ಸಾಹುಕಾರರಿಗೆ ರೆಡಿಮೇಡ್ ವಿನ್ಯಾಸದ ಸೈಟ್ ಹಾಕಿಕೊಟ್ಟೆ. ‘ನಮ್ಮ ಬಗ್ಗೆ’ ಪುಟದಲ್ಲಿ ಆ ವಿನ್ಯಾಸದ ಜತೆಗೇ ಬಂದ, ಕೋಟು ತೊಟ್ಟ ಪರದೇಶದವನೊಬ್ಬನ ಫೋಟೋ ಇತ್ತು. ಅದನ್ನು ತೆಗೆದು ತಮ್ಮದು ಹಾಕುವುದನ್ನು ತೋರಿಸಿಕೊಟ್ಟು ಬಂದೆ. ಬಹಳ ದಿನ ಬಿಟ್ಟು ನೋಡಿದರೆ ಅವನು ಅಲ್ಲೇ ನಗುತ್ತಿದ್ದ.

“ಯಾಕ್ರಿ ಸಾಹುಕಾರ್ರ, ಇನ್ನೂ ತಗದಿಲ್ಲ?”

“ಇರ್ಲಿ ಬಿಡ್ರಿ, ಲಕ್ಷಣಾಗಿ ಅದಾನ. ಗಿರಾಕಿ ಕೇಳಿದ್ರ ನಮ್ಮ ಅಳಿಯ ಅಂತ ಹೇಳೇನಿ.”

ಮುಂದಿನ ವಾರ ಅವರ ಖರೆ ಅಳಿಯನ ಫೋನ್ ಬಂತು: “ಮೊದಲ ಅಂವನ್ನ ತಗೀರಿ!”

ಪಾಪ ಅಂತ

ಅಪ್‌ಡೇಟ್ ಮಾಡದಿದ್ದರೆ ಸೈಟಿಗೆ ಕಳ್ಳರು ನುಗ್ಗುತ್ತಾರೆ. ಮಾಡಿದರೆ ಒಮ್ಮೊಮ್ಮೆ ಏನಾದರೂ ಮುರಿಯುತ್ತದೆ. ಬಾದಾಮಿಯಲ್ಲಿ ಲಾಡ್ಜ್ ನಡೆಸುವ ಅಕ್ಕನವರ ಸೈಟಿನಲ್ಲಿ ರೂಮ್ ಬುಕ್ ಮಾಡುವ ಪುಟವೇ ಮಾಯವಾಯಿತು, ಅದೂ ಪ್ರವಾಸಿಗರು ತುಂಬಿ ಬರುವ ದಿನಗಳಲ್ಲಿ.

“ಏನರ ಒತ್ತಿದ್ರೇನ್ರಿ ಅಕ್ಕಾರ?” ಎಂದೆ.

“ಅಪ್‌ಡೇಟ್ ಮಾಡ್ರಿ, ಅಪ್‌ಡೇಟ್ ಮಾಡ್ರಿ ಅಂತ ದಿನಾ ಕೇಳ್ತಿತ್ರಿ. ಎಷ್ಟಂತ ಸುಮ್ನಿರೂದು? ಪಾಪ ಅಂತ ಒತ್ತಿದೆ.”

ಶ್ರದ್ಧಾಂಜಲಿ

ಹುನಗುಂದದ ಕಡೆಯ ಒಂದು ಶಾಲೆಯ ನಿವೃತ್ತ ಹೆಡ್‌ಮಾಸ್ತರರು ದವಾಖಾನೆ ಸೇರಿದ್ದರು. ಉಳಿಯುವುದು ಕಷ್ಟವೆಂದು ಡಾಕ್ಟರು ಹೇಳಿದ್ದರು. ಶಾಲೆಯ ಸೈಟ್ ನೋಡಿಕೊಳ್ಳುವ ಚಿತ್ರಕಲೆ ಮಾಸ್ತರರು ಅವರ ಶಿಷ್ಯರೇ. ಕಣ್ಣೊರೆಸಿಕೊಳ್ಳುತ್ತ ಶ್ರದ್ಧಾಂಜಲಿ ಬರೆದಿಡಲು ಕೂತರು. ಕಣ್ಣು ಮಂಜಾಗಿತ್ತೋ ಏನೋ, ‘ಕರಡು ಉಳಿಸು’ ಎಂಬುದನ್ನು ಬಿಟ್ಟು ‘ಪ್ರಕಟಿಸು’ ಒತ್ತಿ ಮನೆಗೆ ಹೋದರು. ಹಳೇ ವಿದ್ಯಾರ್ಥಿಗಳು ಓದಿ, ಕೆಳಗೆ ಸಾಲುಸಾಲಾಗಿ ದುಃಖ ತೋಡಿಕೊಂಡರು.

ಅತ್ತ ಹೆಡ್‌ಮಾಸ್ತರರು ಚೇತರಿಸಿಕೊಂಡು ಎದ್ದು ಕೂತಿದ್ದರು!

“ಲಗೂನ ತಗೀರಿ. ಸರ್ ಕಣ್ಣಿಗೆ ಬಿದ್ರ ನಾ ಹೆಂಗ ಮಾರಿ ತೋರಸ್ಲಿ?” ಎಂದು ಚಿತ್ರಕಲೆ ಮಾಸ್ತರರು ಫೋನಿನಲ್ಲೇ ಅತ್ತರು. ನಾನು ಕಂಪ್ಯೂಟರ್ ತೆರೆಯುವಷ್ಟರಲ್ಲಿ, ಸೈಟಿನ ಅಡಿಯಲ್ಲಿದ್ದ ನನ್ನ ನಂಬರಿಗೆ ಇನ್ನೊಂದು ಕರೆ. ದನಿ ಸಣ್ಣದು, ಗತ್ತು ಹೆಡ್‌ಮಾಸ್ತರರದೇ.

“ಅದನ್ನ ತಗೀಬ್ಯಾಡ್ರಿ. ನನ್ನ ಬಗ್ಗೆ ಇಷ್ಟ ಛಲೋ ಯಾರೂ ಬರದಿಲ್ಲ. ‘ದಿವಂಗತ’ ಅನ್ನೂದಷ್ಟ ತಗೀರಿ. ಮತ್ತ, ಕೆಳಗ ಉತ್ತರ ಬರಿಯೂದು ಹೆಂಗ ಅಂತ ಹೇಳ್ರಿ.”

ಹೇಳಿಕೊಟ್ಟೆ. ಹಾಸಿಗೆಯಲ್ಲೇ ಒರಗಿ ಒಬ್ಬೊಬ್ಬರಿಗೂ ಬರೆದರು.

ಒಬ್ಬ ಹೀಗೆ ಬರೆದಿದ್ದ: “ಸರ್, ನಿಮ್ಮ ಕೂಡ ಜಗಳಾಡಿ ಸಾಲಿ ಬಿಟ್ಟೆ. ಕ್ಷಮಾ ಕೇಳಾಕ ಬರಬೇಕಂತಿದ್ದೆ. ತಡ ಆತು.”

ಅದರ ಕೆಳಗೆ ಅವರ ಉತ್ತರ: “ಭಾಳ ತಡ ಏನಾಗಿಲ್ಲ. ಐತವಾರ ಬಾ. ಹೆದರಬ್ಯಾಡ, ಜೀವಂತ ಅದೀನಿ.”