ಮೂರು ತದ್ರೂಪಿ, ಮೂರು ಬೀಜ

ನಮ್ಮ ಮನೆಯಲ್ಲಿ ನನಗೆ ಉಳಿದಿರುವ ಅಧಿಕಾರ ಒಂದೇ: ಬಿಸಿನೀರಿನ ಫ್ಲಾಸ್ಕಿನ ಮುಚ್ಚಳ ತಿರುಗಿಸುವುದು. ಮಿಕ್ಕ ಖಾತೆಗಳೆಲ್ಲ ಹೆಂಡತಿ ನಿಬಿಯಾಳ ಬಳಿ ಇವೆ. ಚಳಿ ಬಿತ್ತೆಂದರೆ ಅವಳ ಬೆರಳ ಗಂಟುಗಳು ಊದಿಕೊಳ್ಳುತ್ತವೆ, ಮುಚ್ಚಳ ಜಪ್ಪಯ್ಯ ಅನ್ನುವುದಿಲ್ಲ. ಮಾಟೆ ಎಂಬ ಎಲೆಕಷಾಯ ಹೀರದೆ ನಮ್ಮ ಮಿನಾಸ್ ಊರಿಗೆ ಬೆಳಗೇ ಆಗುವುದಿಲ್ಲವಾದ್ದರಿಂದ ದಿನಕ್ಕೆ ಎಂಟು ಸಲ "ದಾರ್ದೋ" ಎಂದು ನನ್ನ ಹೆಸರಿನ ಕೂಗು ಹಿತ್ತಿಲಿನಿಂದ ನನ್ನ ಹಾರ್ಡ್‌ವೇರ್ ಅಂಗಡಿಗೆ ಬರುತ್ತದೆ. ನಾನು ಮೊಳೆ ತೂಗುವುದನ್ನು ಬಿಟ್ಟು ಪಟ್ಟಾಭಿಷೇಕಕ್ಕೆ ಹೊರಟವನಂತೆ ಹೊರಡುತ್ತೇನೆ.

ಆ ಬೆರಳುಗಳಿಗೆ ನಿಬಿಯಾ ನಂಬಿದ ಮದ್ದು ಗಾಂಜಾ ಹೂವಿನ ಮುಲಾಮು. ನಮ್ಮ ದೇಶದಲ್ಲಿ ಮನೆಗೆ ಆರು ಗಿಡ ಬೆಳೆಸಬಹುದು ಅಂತ ಕಾನೂನು. ನಾವು ಸರ್ಕಾರದ ಪಟ್ಟಿಯಲ್ಲಿ ಹೆಸರು ಬರೆಸಿದ ಮರ್ಯಾದಸ್ಥರು. ನಮ್ಮ ಜಗಳ ಸಂಖ್ಯೆಯದಲ್ಲ, ಹುಟ್ಟಿನದು.

"ಒಳ್ಳೇ ತಾಯಿಗಿಡದ ಕೊಂಬೆ ಕತ್ತರಿಸಿ ನೆಟ್ಟರೆ ತದ್ರೂಪಿ ಬರತ್ತೆ," ಅಂದೆ. "ಎಲ್ಲಾ ಹೆಣ್ಣು, ಎಲ್ಲಾ ಒಂದೇ ಎತ್ತರ. ಒಂದೇ ಅಳತೆ ಸ್ಕ್ರೂ ಡಬ್ಬಿ ಇದ್ದಂಗೆ. ನಿನ್ನ ಬೀಜದಲ್ಲಿ ಏನು ಬರತ್ತೋ ಯಾರಿಗೆ ಗೊತ್ತು?"

"ನಿನ್ನನ್ನ ಕಟ್ಟಿಕೊಳ್ಳೋವಾಗಲೂ ಗೊತ್ತಿರಲಿಲ್ಲ," ಅಂದಳು. "ನಡೀತಾ ಇಲ್ವಾ?"

ಕೊನೆಗೆ ರಾಜಿಯಾಯಿತು: ಮೂರು ಅವಳ ಬೀಜ, ಮೂರು ನನ್ನ ತದ್ರೂಪಿ. ಬೀದಿ ಕೊನೆಯ ಚಪ್ಪಲಿ ರಿಪೇರಿ ಎಬೆರ್ ತನ್ನ ತಾಯಿಗಿಡದಿಂದ ಮೂರು ತುಂಡು ಕತ್ತರಿಸಿ ಕೊಟ್ಟ. (ಬೀದಿಯ ಎಲ್ಲರಿಗೂ ಕೊಟ್ಟಿದ್ದ. ಇದು ನನಗೆ ಮಹಾ ಭರವಸೆಯಾಗಿ ಕಂಡಿತು. ವ್ಯಾಪಾರಿ ಬುದ್ಧಿ: ನಾಲ್ಕು ಜನ ಕೊಂಡದ್ದು ಒಳ್ಳೇ ಮಾಲು.)

ಜನವರಿಯಲ್ಲಿ ಅವಳ ಮೂರರಲ್ಲಿ ಎರಡು ಗಂಡೆಂದು ತಿಳಿಯಿತು. ಗಂಡು ಗಿಡದಿಂದ ಮುಲಾಮಿಗೆ ಬೇಕಾದ ಹೂಗೊಂಚಲು ಸಿಗುವುದಿಲ್ಲ, ಸಾಲದ್ದಕ್ಕೆ ಪರಾಗ ಚೆಲ್ಲಿ ಹೆಣ್ಣುಗಳನ್ನೂ ಕೆಡಿಸುತ್ತದೆ. ಕಿತ್ತೆಸೆದೆ, ಸ್ವಲ್ಪ ಸಂತೋಷದಿಂದಲೇ.

"ಪಾಪ, ಇಬ್ಬರು ಯಜಮಾನರು," ಅಂದೆ.

"ನೀರು ಕುಡಿದಿದ್ದೊಂದೇ ಕೆಲಸ. ನಂಗೆ ಅಭ್ಯಾಸ ಇದೆ," ಅಂದಳು.

ಉಳಿದ ಒಂದು ಸೊಟ್ಟಗೆ, ಉದ್ದಕ್ಕೆ, ಹೂವಿನ ನೆನಪೇ ಇಲ್ಲದಂತೆ ನಿಂತಿತ್ತು. ನನ್ನ ಮೂರು ಕನ್ಯಾಮಣಿಗಳು ಸಮವಸ್ತ್ರ ತೊಟ್ಟವರ ಹಾಗೆ ಸಾಲಾಗಿ ಗೊಂಚಲು ಹೊತ್ತವು. ಗಿರಾಕಿಗಳನ್ನು ಹಿತ್ತಿಲಿಗೆ ಕರೆದು ತೋರಿಸಿದೆ.

ಮಾರ್ಚಿನಲ್ಲಿ ಮಳೆ ಹಿಡಿಯಿತು. ನಾಲ್ಕನೆಯ ದಿನ ಒಂದು ಗೊಂಚಲಿನೊಳಗೆ ಬೂದು ಬೂಷ್ಟು. ವಾರದೊಳಗೆ ಮೂರೂ ಕೊಳೆತವು. ತದ್ರೂಪಿಗಳಲ್ಲವೇ, ತಾಯಿಯ ಅಂದದ ಜೊತೆಗೆ ಬೂಷ್ಟು ತಾಳದ ತಾಯಿಯ ಮೈಯೂ ಅಳತೆ ತಪ್ಪದೆ ಬಂದಿತ್ತು. ಎಬೆರ್‌ನ ತಾಯಿಗಿಡವೂ ಹೋಯಿತು, ಬೀದಿಯ ಅಷ್ಟೂ ಹಿತ್ತಿಲುಗಳೂ ಒಂದೇ ವಾರ ಸೂತಕ ಆಚರಿಸಿದವು.

ನಿಬಿಯಾ ಊದಿದ ಕೈಗಳನ್ನು ಏಪ್ರನ್ನಿನ ಕೆಳಗೆ ಇಟ್ಟುಕೊಂಡಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಉಳಿದದ್ದು ಆ ಸೊಟ್ಟನೆಯದು. ಆಗಷ್ಟೇ ಹೂ ಬಿಡುತ್ತಿತ್ತು. ಮಳೆಯಲ್ಲಿಟ್ಟರೆ ಬೂಷ್ಟು, ಒಳಗಿಟ್ಟರೆ ಗಾಳಿಯಿಲ್ಲದೆ ಬೂಷ್ಟು. ಅದು ಆಳೆತ್ತರದ್ದು, ಬೇರು ಮಣ್ಣು ತುಂಬಿದ ಪೀಪಾಯಿಯಲ್ಲಿ. ಅಂಗಡಿಯ ಬಾಗಿಲೆಳೆದು ಕೂತೆ. ಮಳೆ ನಿಂತಾಗ ಹೊರಗೆ, ಹನಿ ಬಿದ್ದಾಗ ಒಳಗೆ, ಹದಿನೆಂಟು ದಿನ ಅಪ್ಪಿಕೊಂಡು ಓಡಾಡಿದೆ.

"ನನ್ನನ್ನ ಇಷ್ಟು ಸಲ ಎತ್ತಿಕೊಂಡಿದ್ದು ನೆನಪಿಲ್ಲ," ಅಂದಳು ನಿಬಿಯಾ ಬಾಗಿಲಲ್ಲಿ ನಿಂತು.

"ನಿನ್ನ ಕೈಗೇ ಕಣೇ," ಅಂದೆ, ಪೀಪಾಯಿಯ ಹಿಂದಿನಿಂದ.

ಹೂ ಮಾಗಿತು. ಮುಲಾಮು ಆಯಿತು, ಒಂದೇ ಡಬ್ಬಿ. ಅದೇ ದಿನ ಖಾಲಿ ಪೀಪಾಯಿ ಸರಿಸಲು ಬಗ್ಗಿದವನು ಹಾಗೇ ಉಳಿದೆ. ಸೊಂಟ ಹಿಡಿಯಿತು.

ಏಪ್ರಿಲ್ ಪೂರ್ತಿ ನಾನು ಬೋರಲು ಮಲಗಿದ್ದೆ. ನಿಬಿಯಾ ದಿನಾ ಎರಡು ಹೊತ್ತು ಆ ಡಬ್ಬಿ ಹಿಡಿದು ಬಂದು ನನ್ನ ಸೊಂಟ ತಿಕ್ಕಿದಳು. ಬೇಡ, ಅದು ನಿನ್ನದು ಅಂದೆ.

"ಸುಮ್ನಿರು. ನಿನ್ನ ಬೆನ್ನು ಕುಡಿಯೋದು ಅರ್ಧ. ಇನ್ನರ್ಧ ನನ್ನ ಕೈಯಲ್ಲೇ ಉಳಿಯತ್ತೆ."

ತಿಂಗಳ ಕೊನೆಗೆ ಡಬ್ಬಿ ಖಾಲಿಯಾಯಿತು, ನಾನು ಎದ್ದು ಕೂತೆ. ಮುಲಾಮಿನ ಗುಣವೋ ತಿಕ್ಕಾಟದ್ದೋ ನಾನರಿಯೆ.

"ಮುಂದಿನ ವರ್ಷಕ್ಕೆ ಆ ಸೊಟ್ಟನೆಯದರಿಂದ ನಾಲ್ಕು ತುಂಡು ತೆಗೆದಿಟ್ಟಿದ್ದರೆ," ಅಂದೆ ಮೆಲ್ಲಗೆ.

"ಒಂದು ತೆಗೆದಿಟ್ಟಿದೀನಿ. ಉಳಿದ ಐದು ಬೀಜ. ಸೊಟ್ಟನೆಯದು ಮನೆಗೆ ಒಂದಿದ್ರೆ ಸಾಕು," ಎಂದು ನನ್ನನ್ನೊಮ್ಮೆ ನೋಡಿ, ಫ್ಲಾಸ್ಕ್ ಕಂಕುಳಿಂದ ತೆಗೆದು, ಕಟಕ್ ಎಂದು ತಾನೇ ಮುಚ್ಚಳ ತಿರುಗಿಸಿ ಮಾಟೆಗೆ ನೀರು ಹುಯ್ದಳು.

ಮುಚ್ಚಳಕ್ಕೆಂದು ನಾನು ಚಾಚಿದ ಕೈ ಹಾಗೇ ಉಳಿಯಿತು. ಅದರಲ್ಲಿ ಅವಳು ಮಾಟೆ ತುಂಬಿದ ಸೋರೆಬುರುಡೆ ಇಟ್ಟಳು.