ಕೆಂಪರಾಜನ ಗಿಟಾರಿನ ಗುಂಯ್

೧೯೯೭ನೇ ಇಸವಿ ಸೆಪ್ಟೆಂಬರ್ ೧೪, ಭಾನುವಾರ, ಬೆಳಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಕೆಂಪರಾಜ್ ತನ್ನ ಎಲೆಕ್ಟ್ರಿಕ್ ಗಿಟಾರನ್ನು ಊಟದ ಮೇಜಿನ ಮೇಲೆ ಅಂಗಾತ ಮಲಗಿಸಿ ತಂತಿಗಳನ್ನು ಬಿಚ್ಚಿದ. ಅವನ ಹೆಂಡತಿ ಶ್ವೇತ ಅಡುಗೆಮನೆ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತು ಮೇಜನ್ನು ನೋಡಿದಳು, ಗಿಟಾರನ್ನು ನೋಡಿದಳು, ಆಮೇಲೆ ಗಂಡನನ್ನು ನೋಡಿದಳು.

"ದೋಸೆ ಎಲ್ಲಿಡ್ಲಿ?"

"ಕೈಗೇ ಕೊಡು."

"ಸಂಜೆ ಏಳಕ್ಕೆ ಪ್ರೋಗ್ರಾಮು. ಇವತ್ತೇ ಬಿಚ್ಬೇಕಾ ಇದನ್ನ?"

"ಏಳಕ್ಕೆ ಪ್ರೋಗ್ರಾಮು ಇರೋದಕ್ಕೇ ಇವತ್ತು ಬಿಚ್ತಿರೋದು," ಎಂದ ಕೆಂಪರಾಜ್. ಬೆಳಗ್ಗೆಯೇ ಅವನ ದನಿಯಲ್ಲಿ ಸಂಜೆಯ ಆಯಾಸವಿತ್ತು.

ಕೆಂಪರಾಜ್ ಒಂದು ಕಾಲೇಜಿನ ಭೌತಶಾಸ್ತ್ರ ವಿಭಾಗದಲ್ಲಿ ಡೆಮಾನ್‌ಸ್ಟ್ರೇಟರ್. ವಾರವಿಡೀ ಹುಡುಗರ ತಪ್ಪು ರೀಡಿಂಗುಗಳಿಗೆ ಸಹಿ ಹಾಕುವುದು ಅವನ ಕೆಲಸ. ರಜೆಯ ದಿನ ಶಿವಾಜಿನಗರದ ಜಿಯಾವುಲ್ಲಾನ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದ. ಇಡೀ ವಾರದಲ್ಲಿ ಅವನಿಗೆ ದಣಿವು ತಿಳಿಯದೇ ಇದ್ದದ್ದು ಆ ಎರಡು ಗಂಟೆ ಮಾತ್ರ. ಈಗ ಅದಕ್ಕೇ ಸಂಚಕಾರ ಬಂದಿತ್ತು.

ತೊಂದರೆ ಇಷ್ಟೇ. ಆ ಗಿಟಾರನ್ನು ಆಂಪ್ಲಿಫೈಯರ್ ಪೆಟ್ಟಿಗೆಗೆ ಸಿಕ್ಕಿಸಿದ ಕೂಡಲೇ ಗುಂಯ್ ಎನ್ನುತ್ತಿತ್ತು. ನುಡಿಸಿದರೂ ಗುಂಯ್, ಸುಮ್ಮನಿದ್ದರೂ ಗುಂಯ್. ಹಿಂದಿನ ವಾರ ಬಾಣಸವಾಡಿಯ ಗಣೇಶೋತ್ಸವದಲ್ಲಿ ಅಧ್ಯಕ್ಷರು ಭಾಷಣ ನಿಲ್ಲಿಸಿ, ಶಾಮಿಯಾನದಲ್ಲಿ ಜೇನು ಕಟ್ಟಿದೆಯೇ ನೋಡಿ ಎಂದು ಇಬ್ಬರನ್ನು ಕಂಬ ಹತ್ತಿಸಿದ್ದರು. ಅವತ್ತು ಡ್ರಮ್ಸ್ ಕಟ್ಟಿಡುತ್ತಾ ಜಿಯಾವುಲ್ಲಾ ಹೇಳಿದ್ದ: "ಕೆಂಪು ಭಾಯ್, ಇನ್ನೊಂದು ಪ್ರೋಗ್ರಾಮ್ ನೋಡ್ತೀನಿ. ಗುಂಯ್ ಅಂದ್ರೆ ನೀವು ಬೇಡ. ನಮ್ ನಿತೀಶ್ ಹೊಸ ಕೀಬೋರ್ಡ್ ತಂದವ್ನೆ. ಅದ್ರಲ್ಲಿ ಒಂದು ಬಟನ್ ಒತ್ತಿದ್ರೆ ಗಿಟಾರ್ ಬರ್ತದೆ. ಗುಂಯ್ ಬರಲ್ಲ, ಮುನಿಸೂ ಬರಲ್ಲ."

ಗಿಟಾರಿನ ತಂತಿಯ ಕಂಪನವನ್ನು ಹಿಡಿದು ವಿದ್ಯುತ್ತಾಗಿಸುವ ಸಾಧನಕ್ಕೆ ಪಿಕಪ್ ಎನ್ನುತ್ತಾರೆ. ಅದರೊಳಗೆ ಅಯಸ್ಕಾಂತ, ಸುತ್ತಲೂ ತಾಮ್ರದ ಸುರುಳಿ. ಒಂದೇ ಸುರುಳಿಯಿದ್ದರೆ ಅದು ಮನೆಯ ವೈರುಗಳ ಗುಂಯ್ ಶಬ್ದವನ್ನೂ ಹೀರಿಕೊಳ್ಳುತ್ತದೆ. ಹಂಬಕರ್ ಎಂಬ ಜಾತಿಯದರಲ್ಲಿ ಎರಡು ಸುರುಳಿ ಇರುತ್ತವೆ. ಗುಂಯ್ ಬಂದಾಗ ಒಂದು ಹೂಂ ಅಂದರೆ ಇನ್ನೊಂದು ಊಹೂಂ ಅನ್ನುತ್ತದೆ, ಎರಡೂ ಸೇರಿ ಸೊನ್ನೆ. ತಂತಿಯ ನಾದಕ್ಕೆ ಮಾತ್ರ ಎರಡೂ ಹೂಂ ಅನ್ನುತ್ತವೆ. ಕೆಂಪರಾಜನ ಗಿಟಾರಿನ ಮೇಲೆ ಎರಡು ಸುರುಳಿ ಹಿಡಿಸುವಂಥ ಭರ್ಜರಿ ಡಬ್ಬಿಗಳಿದ್ದವು. ಈಗ ಸ್ಕ್ರೂ ತೆಗೆದು ನೋಡಿದರೆ ಒಳಗೆ ಒಂದೇ ಸುರುಳಿ. ಉಳಿದ ಜಾಗದಲ್ಲಿ ಹಳದಿ ಮೇಣದ ಉಂಡೆ.

"ಇಷ್ಟು ವರ್ಷ ಮೇಣ ನುಡಿಸ್ತಿದ್ರಾ?" ಎಂದಳು ಶ್ವೇತ.

ಕೆಂಪರಾಜ್ ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಒಂದು ತಿಂಗಳು ಅಲೆದು ತಂದಿದ್ದ ಎರಡು ನಿಜವಾದ ಹಂಬಕರ್‌ಗಳನ್ನು ಹತ್ತಿಯ ಮೇಲಿಟ್ಟ. ಒಂದೊಂದರಿಂದಲೂ ನಾಲ್ಕು ಬಣ್ಣದ ವೈರು ಹೊರಬಂದಿದ್ದವು: ಕೆಂಪು, ಬಿಳಿ, ಹಸಿರು, ಕಪ್ಪು. ಯಾವ ಬಣ್ಣ ಯಾವುದಕ್ಕೆ ಎಂದು ಹೇಳುವ ಚೀಟಿ ಮಾತ್ರ ಇರಲಿಲ್ಲ. ಅವನು ಮೀಟರು ಹಿಡಿದು ಅಳೆಯತೊಡಗಿದ. ಅಳೆಯುವುದು ಅವನಿಗೆ ಗೊತ್ತಿದ್ದ ಒಂದೇ ಪ್ರಾರ್ಥನೆ.

ಸಾಲ್ಡರಿಂಗ್ ಐರನ್ ಕಾದ ವಾಸನೆ ಕಿಟಕಿ ದಾಟಿದ್ದೇ ತಡ, ಕೆಳಗಿನ ಮನೆಯಿಂದ ಮನೆಯೊಡೆಯ ಬೈಲಪ್ಪ ಹತ್ತಿಬಂದರು. ಬೈಲಪ್ಪ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ನಿವೃತ್ತರಾದವರು. ಕಂಬದಿಂದ ಇಳಿದು ಆರು ವರ್ಷವಾಗಿದ್ದರೂ ಮಾತಾಡುವಾಗ ಮೇಲಿನಿಂದಲೇ ಮಾತಾಡುತ್ತಿದ್ದರು.

"ಏನಪ್ಪ ಕೆಂಪರಾಜು, ಕರೆಂಟ್ ಕೆಲ್ಸನಾ? ಒಂದ್ ಮಾತು ಕರೀಬಾರ್ದಾ ನನ್ನ?"

"ಸಣ್ಣ ಕೆಲಸ ಬೈಲಪ್ಪನೋರೇ."

"ಸಣ್ಣದ್ರಲ್ಲೇ ಜನ ಸಾಯೋದು. ಈ ಹಳೇದು ಬೇಡ್ವಾ? ತಾಮ್ರ ಚೆನ್ನಾಗಿದೆ. ನಂಗೆ ಕೊಡು."

ಕೆಂಪರಾಜ್ ತಲೆಯೆತ್ತದೆ ಕೈ ಬೀಸಿದ. ಹಳೆಯ ಪಿಕಪ್‌ಗಳು ಬೈಲಪ್ಪನವರ ಜೇಬು ಸೇರಿದವು.

ಅವರ ಹಿಂದೆಯೇ ಅವರ ತಾಯಿ ದೊಡ್ಡಮುನಿಯಮ್ಮ ಮೆಟ್ಟಿಲಿಗೊಮ್ಮೆ ನಿಂತು ಮೇಲೆ ಬಂದರು. ಕೈಯಲ್ಲಿ ರೇಡಿಯೋ. "ಎಂಗೂ ಕಡ್ಡಿ ಕಾಯ್ಸಿದೀಯಂತೆ. ಇದುನ್ಕೂ ಒಂದ್ ತೊಟ್ಟು ಆಕ್ಬುಡು ಮಗ." ರೇಡಿಯೋಗೆ ಒಂದು ತೊಟ್ಟು ಹಾಕಿದ. ಆಮೇಲೆ ಎದುರು ಮನೆಯ ಇಸ್ತ್ರಿ ಪೆಟ್ಟಿಗೆ ಬಂತು. ಪಕ್ಕದ ಮನೆಯ ಮಿಕ್ಸಿ ಬಂತು. ಹೊಸ ತಿಪ್ಪಸಂದ್ರದ ಆ ಅಡ್ಡರಸ್ತೆಯಲ್ಲಿ ಕೆಟ್ಟು ಕೂತಿದ್ದ ಸಾಮಾನೆಲ್ಲ ಸರ್ಕಾರಿ ಆಸ್ಪತ್ರೆಯ ಮುಂದೆ ಕಾದಂತೆ ಮೆಟ್ಟಿಲ ಮೇಲೆ ಸಾಲುಗಟ್ಟಿತು. ಇಲ್ಲ ಎನ್ನಲು ಬೇಕಾದ ಶಕ್ತಿ ಹೂಂ ಎನ್ನಲು ಬೇಕಾದುದಕ್ಕಿಂತ ಹೆಚ್ಚು ಎಂಬುದು ಕೆಂಪರಾಜನ ಅನುಭವ. ಆದ್ದರಿಂದ ಅವನು ಹೂಂ ಅಂದ. ಮಿಕ್ಸಿಗೆ ಬೆಸುಗೆ ಹಾಕಿ ಮುಗಿಸುವಷ್ಟರಲ್ಲಿ ಕರೆಂಟು ಹೋಯಿತು.

"ಲೋಡ್ ಶೆಡ್ಡಿಂಗು," ಎಂದರು ಬೈಲಪ್ಪ, ಸ್ವತಃ ತೆಗೆಸಿದವರಂತೆ. "ಎರಡು ಗಂಟೆ ಬರಲ್ಲ."

ಶ್ವೇತ ಗ್ಯಾಸ್ ಒಲೆಯ ಒಂದು ಉರಿಯಲ್ಲಿ ಸಾರು ಕುದಿಸಿದಳು, ಇನ್ನೊಂದರಲ್ಲಿ ಕೆಂಪರಾಜ್ ಐರನ್ನಿನ ಮೂತಿ ಕಾಯಿಸಿದ. ಅಡುಗೆಮನೆಯಿಂದ ಮೇಜಿಗೆ ಓಡುವಷ್ಟರಲ್ಲಿ ಅದು ಆರುತ್ತಿತ್ತು. ನಾಲ್ಕನೇ ಓಟಕ್ಕೆ ಅವನು ಕುರ್ಚಿಯಲ್ಲಿ ಕುಸಿದು, "ಒಂದ್ನಿಮಿಷ," ಎಂದು ಕಣ್ಣು ಮುಚ್ಚಿದ.

ಕಣ್ಣು ಬಿಟ್ಟಾಗ ಮೂರೂವರೆ. ಫ್ಯಾನು ತಿರುಗುತ್ತಿತ್ತು. ಬೈಲಪ್ಪ ಅವನ ಕನ್ನಡಕ ಹಾಕಿಕೊಂಡು ಗಿಟಾರಿನ ಮುಂದೆ ಕೂತಿದ್ದರು.

"ಮಲ್ಕೊಂಡಿದ್ದೆ, ಪಾಪ ಅಂತ ನಾನೇ ಮುಗಿಸ್ಬಿಟ್ಟೆ. ಕೆಂಪು ಫೇಸು, ಕರಿ ನ್ಯೂಟ್ರಲ್ಲು, ಹಸಿರು ಅರ್ತು. ಬಿಳಿ ಯಾಕೋ ಜಾಸ್ತಿ ಇತ್ತು, ಸೇರಿಸಿಬಿಟ್ಟಿದೀನಿ."

"ಬೈಲಪ್ಪನೋರೇ, ಇದು ಮನೆ ವೈರಿಂಗ್ ಅಲ್ಲ."

"ಕರೆಂಟು ಅಂದ್ಮೇಲೆ ಕರೆಂಟೇ ಕಣಪ್ಪ. ಮೂವತ್ತು ವರ್ಷ ಇದೇ ಬಣ್ಣ ನಂಬ್ಕೊಂಡು ಕಂಬ ಹತ್ತಿದೀನಿ. ಸತ್ತಿದೀನಾ?"

ಕೆಂಪರಾಜ್ ತಂತಿ ಬಿಗಿದು ಪೆಟ್ಟಿಗೆಗೆ ಸಿಕ್ಕಿಸಿದ. ತಂತಿ ಮೀಟಿದರೆ ಡಬ್ಬಿಯೊಳಗಿನ ಸೊಳ್ಳೆಯಂಥ ಸದ್ದು. ಗುಂಯ್ ಮಾತ್ರ ಎರಡರಷ್ಟಾಗಿ ಕಿಟಕಿಯ ಗಾಜು ಅದುರಿತು. ಬೈಲಪ್ಪನವರು ಬಣ್ಣ ನಂಬಿ ಸುರುಳಿಗಳನ್ನು ತಲೆಕೆಳಗು ಜೋಡಿಸಿದ್ದರಿಂದ ಅವು ನಾದವನ್ನು ಕೊಂದು ಗುಂಯ್ ಅನ್ನು ಕೂಡಿಸುತ್ತಿದ್ದವು.

ಅಷ್ಟರಲ್ಲಿ ಬಾಗಿಲಲ್ಲಿ ಆರ್ಕೆಸ್ಟ್ರಾದ ಗಾಯಕ ಭಗವಂತರಾಯ ಕಾಣಿಸಿಕೊಂಡ. ಕಲಬುರಗಿ ಕಡೆಯವನು, ದೊಡ್ಡನೆಕ್ಕುಂದಿಯ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ, ಅಲ್ಲೇ ಬಾಡಿಗೆ ರೂಮು. ಜಿಯಾವುಲ್ಲಾನ ಆರ್ಕೆಸ್ಟ್ರಾಕ್ಕೆ ಹೆಸರು ಬಂದದ್ದೇ ಇವನಿಂದ. ಪ್ರತಿ ಕಾರ್ಯಕ್ರಮದ ಮೊದಲ ಗಣೇಶ ಶ್ಲೋಕವನ್ನೂ ಪ್ರತಿ ಹಾಡಿನ ಮೊದಲ ಸಾಲನ್ನೂ ಅವನು ವಾದ್ಯದ ನೆರವಿಲ್ಲದೆ, ಯಾರಿಂದಲೂ ಶ್ರುತಿ ಕೇಳದೆ ಹಾಡುತ್ತಿದ್ದ. ಆಮೇಲೆ ವಾದ್ಯಗಳು ಸೇರಿಕೊಂಡರೆ ಕೂದಲೆಳೆಯಷ್ಟೂ ವ್ಯತ್ಯಾಸ ಇರುತ್ತಿರಲಿಲ್ಲ. ಹುಟ್ಟಾ ಶ್ರುತಿ ಎಂದು ಜಿಯಾವುಲ್ಲಾ ಕರಪತ್ರದಲ್ಲೇ ಅಚ್ಚು ಹಾಕಿಸಿದ್ದ. ಭಗವಂತರಾಯನಿಗಿದ್ದ ಹಟ ಒಂದೇ. ವೇದಿಕೆಯಲ್ಲಿ ಅವನು ನಿಲ್ಲುತ್ತಿದ್ದದ್ದು ಕೆಂಪರಾಜನ ಪೆಟ್ಟಿಗೆಯ ಪಕ್ಕದಲ್ಲೇ.

ಅವನು ಬಾಗಿಲಲ್ಲೇ ನಿಂತು ಕಿವಿಗೊಟ್ಟ. ಮುಖ ಅರಳಿತು.

"ಭಾಳ ಛಲೋ ಆಗ್ಯಾದ್ರಿ ಕೆಂಪರಾಜ್ ಅವ್ರ. ಇನ್ನ ಇದನ್ನ ಮುಟ್ಟಬ್ಯಾಡ್ರಿ."

"ನೀವೂ ಆಡ್ಕೋಬೇಡಿ ಮಾರಾಯ್ರೇ."

"ಆಡ್ಕೊಳ್ಳದಲ್ರಿ, ಖರೇನ ಹೇಳ್ಲತ್ತೀನಿ. ಎದಿ ತುಂಬಿ ಬರ್ಲತ್ತದ."

ಉತ್ತರದ ಕಡೆಯವರ ವ್ಯಂಗ್ಯ ಬಹಳ ಆಳ ಎಂದುಕೊಂಡು ಕೆಂಪರಾಜ್ ಐರನ್ ಕೈಗೆತ್ತಿಕೊಂಡ. ಬೈಲಪ್ಪನವರ ಬೆಸುಗೆಗಳು ನಿಂಬೆಹಣ್ಣಿನಷ್ಟು ದಪ್ಪಗಿದ್ದವು. ಒಂದೊಂದನ್ನೇ ಕರಗಿಸಿ, ಸುರುಳಿಗಳ ಜೋಡಿಯನ್ನು ಮತ್ತೆ ಅಳೆದು, ದಿಕ್ಕು ಸರಿಮಾಡಿ, ಹೊಸದಾಗಿ ಕೂಡಿಸಿದ. ಬೆರಳು ಮೂರು ಸಲ ಸುಟ್ಟಿತು. ಆರೂ ಕಾಲಿಗೆ ಪೆಟ್ಟಿಗೆಗೆ ಸಿಕ್ಕಿಸಿ, ದನಿಯ ಗುಂಡಿಯನ್ನು ಪೂರ್ತಿ ತಿರುಗಿಸಿದ.

ಏನೂ ಇಲ್ಲ. ಹಿತ್ತಲಲ್ಲಿ ಯಾರೋ ಪಾತ್ರೆ ಬೆಳಗುವುದು ಕೇಳಿಸಿತು. ತಂತಿ ಮೀಟಿದ. ನಾದ ತುಂಬಿದ ಕೊಡದಂತೆ ಉಕ್ಕಿ ಬಂತು.

ಶ್ವೇತ ಸೌಟು ಹಿಡಿದು ಹೊರಬಂದಳು. "ಇದು ನಿಮ್ದೇ ಗಿಟಾರಾ?" ಎಂದಳು. ಮದುವೆಯಾದ ಮೇಲೆ ಅವಳು ಅದನ್ನು ಹೊಗಳಿದ್ದು ಅದೇ ಮೊದಲು.

ಭಗವಂತರಾಯ ಮಾತ್ರ ಪೆಟ್ಟಿಗೆಯ ಹಿಂದೆ ಬಗ್ಗಿ ನೋಡುತ್ತಿದ್ದ. "ಬಂದ್ ಆತೇನ್ರಿ ಇದು?"

"ಇಲ್ಲ ರಾಯರೇ, ಶುದ್ಧ ಆಯ್ತು."

"ಹಂಗೇನ್ರಿ," ಎಂದು ಅವನು ಶಾಲು ಸರಿಮಾಡಿಕೊಂಡ. ಆ ದನಿಯಲ್ಲಿ ಸಂತೋಷವಿರಲಿಲ್ಲ. ಕೆಂಪರಾಜನಿಗೆ ಅದನ್ನು ಗಮನಿಸುವಷ್ಟು ಎಚ್ಚರವಿರಲಿಲ್ಲ.

ಮಾರ್ಕೆಟ್ ರಸ್ತೆಯ ಗಣಪತಿ ಪೆಂಡಾಲಿನಲ್ಲಿ ಏಳು ಗಂಟೆಗೆ ಜನ ಕಿಕ್ಕಿರಿದಿದ್ದರು. ಮೊದಲ ಸಾಲಿನಲ್ಲಿ ದೊಡ್ಡಮುನಿಯಮ್ಮ, ಪಕ್ಕದಲ್ಲಿ ಬೈಲಪ್ಪ. ಕೆಂಪರಾಜ್ ಗಿಟಾರು ಸಿಕ್ಕಿಸಿದ. ಜಿಯಾವುಲ್ಲಾ ಡ್ರಮ್ಸ್ ಹಿಂದಿನಿಂದ ಕಿವಿ ಚಾಚಿದ, ಕಾದ, ಆಮೇಲೆ ಎದೆಯ ಮೇಲೆ ಕೈಯಿಟ್ಟು ತಲೆಬಾಗಿದ. "ಕ್ಯಾ ಬಾತ್ ಹೈ ಭಾಯ್. ಸ್ಮಶಾನ ಇದ್ದಂಗೈತೆ." ಕೀಬೋರ್ಡಿನ ನಿತೀಶ್ ಮುಖ ಸಣ್ಣದು ಮಾಡಿಕೊಂಡ. ಕೆಂಪರಾಜನಿಗೆ ಬೆಳಗಿನಿಂದ ಮೊದಲ ಬಾರಿಗೆ ಬೆನ್ನು ನೆಟ್ಟಗಾಯಿತು.

ಭಗವಂತರಾಯ ಮೈಕಿನ ಮುಂದೆ ಬಂದು ಕೈಮುಗಿದ. ಪೆಟ್ಟಿಗೆಯ ಕಡೆ ಒಮ್ಮೆ ನೋಡಿದ. ಕತ್ತಲಲ್ಲಿ ಚಪ್ಪಲಿ ಹುಡುಕುವವನಂತೆ ಮೊದಲ ಸ್ವರವನ್ನು ಒಂದು ಕಡೆ ಇಟ್ಟ. ಅಲ್ಲಿಂದ ಎತ್ತಿ ಇನ್ನೊಂದು ಕಡೆ ಇಟ್ಟ. ಶ್ಲೋಕ ಮುಗಿಯುವಷ್ಟರಲ್ಲಿ ಅವನು ಹೊರಟ ಊರೊಂದು, ತಲುಪಿದ ಊರೊಂದು. ಎಂದಿನ ಶ್ರುತಿಯಲ್ಲಿ ವಾದ್ಯಗಳು ಸೇರಿಕೊಂಡಾಗ ಎರಡು ಬಸ್ಸು ಎದುರಾಬದುರಾ ಗುದ್ದಿದಂತಾಯಿತು.

"ಏನ್ಲಾ ಬೈಲಾ, ರೇಡಿಯೋ ತಿರ್ಗಾ ಕೆಟ್ಟೋಯ್ತಾ?" ಎಂದು ದೊಡ್ಡಮುನಿಯಮ್ಮ ಕೇಳಿದ್ದು ಮೈಕಿಗೂ ತಲುಪಿತು.

ಜಿಯಾವುಲ್ಲಾ ಪರದೆ ಎಳೆಸಿದ. "ರಾಯರೇ, ಏನಾಯ್ತು ನಿಮ್ಗೆ? ಗಂಟಲಾ?"

"ಗಂಟಲ ಅಲ್ರಿ. ಕೈಗೆ ಹಿಡ್ಯಾಕ ಏನೂ ಸಿಗವಲ್ದು. ದಿನಾ ಇಲ್ಲೊಂದು ಸದ್ದು ಇರ್ತಿತ್ತು. ಅದರ ಮ್ಯಾಲ ಕಾಲಿಟ್ಟು ನಿಂದ್ರತಿದ್ನೋ ಏನೋ, ನನಗೂ ಗೊತ್ತಿಲ್ರಿ. ಈಗ ನೆಲಾನೇ ಇಲ್ಲ."

"ನಿತೀಶ್, ಒಂದು ಶ್ರುತಿ ಒತ್ತು."

"ವಾದ್ಯ ಬಿಟ್ಟು ಹಾಡ್ತಾರೆ ಅಂತ ನೀವೇ ಅಚ್ಚು ಹಾಕಿಸಿದೀರಲ್ಲಾ ಭಾಯ್," ಎಂದ ನಿತೀಶ್. "ಒತ್ತಿದ್ರೆ ಮುಂದೆ ಕೂತಿರೋರು ನಗಲ್ವಾ?"

ಭಗವಂತರಾಯನ ಕಣ್ಣಲ್ಲಿ ನೀರಿತ್ತು. ಅದನ್ನು ನೋಡಲಾರದೆ ಕೆಂಪರಾಜ್, ಪ್ರಯೋಗಾಲಯದ ಅಭ್ಯಾಸಬಲದಿಂದ, ಮಾಡಬಾರದ ಕೆಲಸ ಮಾಡಿದ. ಗಿಟಾರಿನಿಂದ ವೈರು ಕಿತ್ತು ಅದರ ತುದಿಯ ಪಿನ್ನಿಗೆ ಹೆಬ್ಬೆರಳು ಒತ್ತಿದ.

ಗುಂಯ್.

ಸುತ್ತಲ ವೈರುಗಳ ಸದ್ದನ್ನು ಈಗ ಹೀರುತ್ತಿದ್ದದ್ದು ಕೆಂಪರಾಜನ ಮೈ. ಭಗವಂತರಾಯನ ಭುಜ ಇಳಿಯಿತು. "ಹಾಂ," ಎಂದ, ಮನೆ ಸೇರಿದವನಂತೆ. ಶ್ಲೋಕ ಎತ್ತಿಕೊಂಡ. ನಿತೀಶ್ ಮೆಲ್ಲಗೆ ಒಂದು ಕೀ ಮುಟ್ಟಿ ನೋಡಿ, "ಕರೆಕ್ಟಾಗಿ ಜಿ ಸ್ವರ ಸಾರ್, ನಮ್ಮ ಮಾಮೂಲಿ ಶ್ರುತಿ," ಎಂದ. ಪರದೆ ಮೇಲೆ ಹೋಯಿತು. ಶ್ಲೋಕ ಮುಗಿದಾಗ ಮಾರ್ಕೆಟ್ ರಸ್ತೆ ಚಪ್ಪಾಳೆಯಿಂದ ತುಂಬಿತ್ತು.

ನುಡಿಸಲೆಂದು ಕೆಂಪರಾಜ್ ಪಿನ್ನನ್ನು ಗಿಟಾರಿಗೆ ಮತ್ತೆ ಸಿಕ್ಕಿಸಲು ಹೋದ. ಸ್ಪೀಕರಿನಲ್ಲಿ ಪಟಾಕಿ ಸಿಡಿದಂತಾಗಿ ಮುಂದಿನ ಸಾಲಿನ ಮಗು ಚೀರಿತು. ಭಗವಂತರಾಯ ಗಾಬರಿಯಿಂದ ತಿರುಗಿ ನೋಡಿದ.

"ತೆಗೀಬೇಡಿ ಭಾಯ್," ಎಂದ ಜಿಯಾವುಲ್ಲಾ, ತಾಳ ತಪ್ಪಿಸದೆ. "ಪ್ರತಿ ಹಾಡಿಗೂ ಮೊದಲ ಸಾಲು ಇದೆ. ಹಂಗೇ ಹಿಡ್ಕೊಂಡಿರಿ."

"ಮತ್ತೆ ಗಿಟಾರು?"

"ನಿತೀಶ್ ಬಟನ್ ಒತ್ತವ್ನೆ ಬಿಡಿ. ನೀವು ಕುತ್ತಿಗೆಗೆ ಹಾಕ್ಕೊಂಡಿರಿ, ಶೋಭೆ."

ಎರಡು ಗಂಟೆ ಕಾಲ ಕೆಂಪರಾಜ್ ಹೆಬ್ಬೆರಳು ಒತ್ತಿ ನಿಂತ. ಕುತ್ತಿಗೆಯಲ್ಲಿ ಬೆಂಗಳೂರಿನ ಅತ್ಯಂತ ಶುದ್ಧವಾದ ಗಿಟಾರು ಮೌನವಾಗಿ ತೂಗುತ್ತಿತ್ತು. ಕಾರ್ಯಕ್ರಮ ಮುಗಿದ ಮೇಲೆ ಜಿಯಾವುಲ್ಲಾ ಅವನನ್ನು ಅಪ್ಪಿಕೊಂಡ. "ಭಾಯ್, ನಿಮ್ಮನ್ನ ಯಾವತ್ತೂ ಬಿಡಲ್ಲ. ಸೀಸನ್ ಪೂರ್ತಿ ಹಿಂಗೇ."

ಕೆಂಪರಾಜ್ ಬೈಲಪ್ಪನವರ ಬಳಿಗೆ ಓಡಿದ. ಹಳೆಯ ಪಿಕಪ್‌ಗಳನ್ನೇ ಮತ್ತೆ ಕೂಡಿಸಿದರೆ ನುಡಿಸಲೂಬಹುದು, ಗುಂಯ್ ಅನ್ನಿಸಲೂಬಹುದು.

"ಬೈಲಪ್ಪನೋರೇ, ಬೆಳಗ್ಗೆ ಕೊಟ್ಟೆನಲ್ಲ, ಅದು..."

"ಅದಾ? ಒಳ್ಳೇ ತಂತಿ ಕಣಪ್ಪ. ಕೂದಲಿನಂಗಿತ್ತು, ಅಷ್ಟೂ ಬಿಚ್ಚಿ ಹುರಿ ಹೊಸೆದೆ." ಬೈಲಪ್ಪ ಹೆಮ್ಮೆಯಿಂದ ಪೆಂಡಾಲಿನ ನೆತ್ತಿ ತೋರಿಸಿದರು. ಅಲ್ಲಿ ಮಾವಿನೆಲೆಯ ತೋರಣ ತಾಮ್ರದ ಹುರಿಯಲ್ಲಿ ಮಿನುಗುತ್ತಿತ್ತು. "ನಾಳೆ ಗಣಪತಿ ಜೊತೆಗೇ ಹಲಸೂರು ಕೆರೆಗೆ."

ಮನೆಗೆ ಬಂದಾಗ ಶ್ವೇತ ಅವನ ಕೈ ಹಿಡಿದು ಬೆಳಕಿಗೆ ತಂದಳು. ಮೂರು ಬೆರಳಿಗೆ ಸುಟ್ಟ ಗಾಯ, ಹೆಬ್ಬೆರಳಿಗೆ ಪಿನ್ನಿನ ಗುಂಡನೆಯ ಅಚ್ಚು. ಅವಳು ಕೊಬ್ಬರಿ ಎಣ್ಣೆ ಹಚ್ಚಿದಳು.

ಕೆಂಪರಾಜನಿಗೆ ಒಂದು ಮಾತು ಮಾತ್ರ ಅರ್ಥವಾಗಿರಲಿಲ್ಲ. ಗುಂಯ್ ಎನ್ನಿಸುವ ಈ ಕರೆಂಟು ಸೆಕೆಂಡಿಗೆ ಐವತ್ತು ಸಲ ಮಿಡಿಯುತ್ತದೆ, ಅಂದರೆ ಐವತ್ತು ಹರ್ಟ್ಸ್ ಎಂದು ಅವನು ವರ್ಷವರ್ಷವೂ ಹುಡುಗರಿಗೆ ಹೇಳಿಕೊಟ್ಟವನು. ಐವತ್ತಾದರೆ ಅದು ಜಿ ಸ್ವರಕ್ಕಿಂತ ಕೊಂಚ ಮೇಲೆ, ಸರಿಯಾಗಿ ಕೂರಬಾರದು. ಸೋಮವಾರ ಅವನು ಕಾಲೇಜಿನಲ್ಲೇ ಉಳಿದ. ಊರಿನ ದೀಪಗಳೆಲ್ಲ ಹತ್ತಿ, ಅಷ್ಟೂ ಭಾರ ಹೊತ್ತ ಕರೆಂಟು ಸುಸ್ತಾಗುವ ಹೊತ್ತಿಗೆ, ಸಂಜೆ ಏಳಕ್ಕೆ, ಆವರ್ತನ ಅಳೆಯುವ ಮೀಟರಿನ ಪಿನ್ನಿಗೆ ಹೆಬ್ಬೆರಳು ಒತ್ತಿದ.

ನಲವತ್ತೊಂಬತ್ತು ಹರ್ಟ್ಸ್. ಕರೆಕ್ಟಾಗಿ ಜಿ.