ನೈರೋಬಿಯ ಬುಟ್ಟಿಗೆ ಮದ್ದೂರಿನ ರೈಡರ್

ನಂಬಲ್ಲ ಅಂತ ಹಟ ಹಿಡಿದು ಕೂತುಕೊಳ್ಳಿ, ಆಮೇಲೆ ಓದಿ. ಮದ್ದೂರು ಸೀಮೆಯ ಹಳ್ಳಿಯಲ್ಲಿ ಬೆಳೆದ, ಐದಡಿ ನಾಲ್ಕಂಗುಲದ ನಾನು ನೈರೋಬಿಯ ಅತಿ ಹೆಸರುವಾಸಿ ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡದ ಜೊತೆ ಬೆವರು ಸುರಿಸಿದ್ದೇನೆ. ನಾನು ಎಲ್ಲಿಗೆ ಹೋದರೂ ಹೀಗೇ, ಏನಾದರೊಂದು ಆಗುತ್ತಲೇ ಇರುತ್ತದೆ. ನಾನು ಹುಡುಕಿಕೊಂಡು ಹೋಗುವುದಿಲ್ಲ, ಅವೇ ವಿಳಾಸ ಕೇಳಿಕೊಂಡು ಬರುತ್ತವೆ.

ಅಲ್ಲಿ ಒಂದು ಔಷಧಿ ಕಾರ್ಖಾನೆಯ ಸ್ಟೋರಿನಲ್ಲಿ ನನಗೆ ಕೆಲಸ. ನಮ್ಮ ಸಾಹೇಬರು ದೊಡ್ಡ ಮನಸ್ಸು ಮಾಡಿ, "ಸಂಜೆ ಸುಮ್ನೆ ಯಾಕೆ ತಿರುಗ್ತೀಯ, ಡಿಪ್ಲೊಮಾ ಮಾಡ್ಕೊ" ಅಂತ ಒಂದು ಸಂಜೆ ಕಾಲೇಜಿಗೆ ಸೇರಿಸಿದರು. ಆ ಕಾಲೇಜು ಗೆದ್ದ ಬ್ಯಾಸ್ಕೆಟ್‌ಬಾಲ್ ಕಪ್ಪುಗಳಿಗೆ ಕಪಾಟು ಸಾಲದೆ ಮೆಟ್ಟಿಲ ಕೆಳಗೂ ಜೋಡಿಸಿದ್ದರು. ನೋಡಿದ ದಿನವೇ ತೀರ್ಮಾನಿಸಿದೆ, ಈ ತಂಡಕ್ಕೆ ನಾನು ಬೇಕು.

ರೈಡರ್

ಆಯ್ಕೆಯ ದಿನ ಸಾಲಿನಲ್ಲಿ ನಿಂತವರೆಲ್ಲ ತೆಂಗಿನಮರಗಳು. ನಡುವೆ ನಾನು. ಕೋಚ್ ತಲೆ ನರೆತ, ಮೆಲುದನಿಯ ಮನುಷ್ಯ. ನನ್ನ ಹತ್ತಿರ ಬಂದು ಬಗ್ಗಿ ಕೇಳಿದರು:

"ಯಾವ ಜಾಗದಲ್ಲಿ ಆಡುತ್ತೀಯ?"

"ರೈಡರ್. ನಮ್ಮ ತಾಲ್ಲೂಕಿನಲ್ಲಿ ಕಬಡ್ಡಿಗೆ ನನ್ನ ಬಿಟ್ಟರೆ ಇಲ್ಲ."

"ಇಲ್ಲಿ ಗಾರ್ಡ್ ಇದೆ, ಫಾರ್ವರ್ಡ್ ಇದೆ, ಸೆಂಟರ್ ಇದೆ. ರೈಡರ್ ಇಲ್ಲವಲ್ಲ."

"ಇಲ್ಲ ಅಂತ ಗೊತ್ತಿದ್ದೇ ಬಂದಿದ್ದೇನೆ ಸರ್."

ನಕ್ಕುಬಿಟ್ಟರು. ಅಭ್ಯಾಸಕ್ಕೆ ಬಾ ಅಂದರು. "ಆದರೆ ಈ ಕಾಲೇಜಿನ ಜೆರ್ಸಿ ಹನ್ನೆರಡು ಜನಕ್ಕೆ ಮಾತ್ರ. ಎಂಥೆಂಥವರೋ ಹಾಕಿಕೊಂಡ ಜೆರ್ಸಿ ಅದು. ಕೇಳಿದವರಿಗೆಲ್ಲ ಕೊಡುವುದಿಲ್ಲ."

ಸೌತ್ ಬಿ ಬಡಾವಣೆಯ ನಮ್ಮ ಮನೆಗೆ ಬಂದು, ಜೊತೆಗಿದ್ದ ಮೈಸೂರಿನ ಅಣ್ಣನಿಗೆ ಎದೆ ತಟ್ಟಿ ಹೇಳಿದೆ. ಅವರು ಟೆಲಿಕಾಂ ಇಂಜಿನಿಯರ್, ನನ್ನ ಮಾತಿಗೆ ಲ್ಯಾಪ್‌ಟಾಪಿನಿಂದ ತಲೆ ಎತ್ತುವವರಲ್ಲ.

"ಆ ಜೆರ್ಸಿ ಹಾಕ್ಕೊಂಡೇ ಈ ಮನೆಗೆ ಬರ್ತೀನಿ ಅಣ್ಣ."

"ಬಾರಪ್ಪ. ಬರ್ತಾ ಹಾಲೂ ತಗೊಂಡು ಬಾ."

ಏಳನೇ ಮನೆ

ನನ್ನ ಜಾತಕದಲ್ಲಿ ಏಳನೇ ಮನೆಯಲ್ಲಿ ಕುಜ ಕೂತಿದ್ದಾನೆ. ಅದಕ್ಕೇ ಎಲ್ಲೂ ಹೆಣ್ಣು ಕೂಡಿಬರುತ್ತಿಲ್ಲ ಅಂತ ಅಮ್ಮ ವಾಟ್ಸಾಪಿನಲ್ಲಿ ದಿನಾ ಅಳುತ್ತಿದ್ದಳು. ಈ ಗುಟ್ಟು ನಮ್ಮ ಮನೆಯ ಹೊಸಿಲು ದಾಟಿರಲಿಲ್ಲ.

ಮೊದಲ ಅಭ್ಯಾಸದಲ್ಲಿ ಚೆಂಡು ನನ್ನ ಕೈಗೆ ಬಂದದ್ದೇ ತಡ, ಕೋಚ್ ಆ ಕಡೆಯಿಂದ "ಕುಜಾ, ಕುಜಾ" ಅಂತ ಕೂಗಿದರು. ನಾನು ನಿಂತಲ್ಲೇ ಕಲ್ಲಾದೆ. ಯಾರೋ ಚೆಂಡು ಕಿತ್ತುಕೊಂಡು ಹೋದರು. ಮತ್ತೆ ಚೆಂಡು ಸಿಕ್ಕಿತು. ಮತ್ತೆ "ಕುಜಾ". ಎಲ್ಲರೆದುರು ಹೀಗೆ ಮಾನ ಕಳೆಯುವುದೇ? ಚೆಂಡನ್ನು ನೆಲಕ್ಕಿಟ್ಟು ನೇರ ಅವರ ಬಳಿ ಹೋದೆ.

"ನಿಮಗೆ ಯಾರು ಹೇಳಿದರು ಸರ್?"

"ಏನನ್ನು?"

"ಕುಜನ ವಿಷಯ. ಅದಕ್ಕೆ ಪರಿಹಾರ ಇದೆ. ಮೊದಲು ಬಾಳೆಗಿಡಕ್ಕೆ ತಾಳಿ ಕಟ್ಟಿದರೆ ದೋಷ ಗಿಡಕ್ಕೆ ಹೋಗುತ್ತೆ. ರಜೆಯಲ್ಲಿ ಊರಿಗೆ ಹೋದಾಗ ಕಟ್ಟುತ್ತೇನೆ."

"ಮಗಾ, ಸ್ವಾಹಿಲಿಯಲ್ಲಿ ಕುಜಾ ಅಂದರೆ ಬಾ ಅಂತ. ಮುಂದೆ ಬಾ ಅಂದೆ, ಅಷ್ಟೇ."

"ಸವಾ," ಅಂದೆ. ಸರಿ ಅನ್ನುವುದಕ್ಕೆ ಅಲ್ಲಿ ಹಾಗನ್ನುತ್ತಾರೆ. ಅಷ್ಟು ಸ್ವಾಹಿಲಿ ನನಗೂ ಬರುತ್ತಿತ್ತು.

ಹಿಂದೆ ನಿಂತಿದ್ದ ತಂಡದ ಕ್ಯಾಪ್ಟನ್ ನನ್ನ ಹೆಗಲ ಮೇಲೆ ಕೈಯಿಟ್ಟ. "ಮದುವೆಗೆ ನಾವೆಲ್ಲ ಬರುತ್ತೇವೆ. ಬಾಳೆಗಿಡ ನಿನಗಿಂತ ಎತ್ತರ ಇದೆಯಾ?"

ಪಟ್ಟು

ಆ ಕ್ಯಾಪ್ಟನ್ ಚಿನ್ನದಂಥ ಹುಡುಗ. ಚೆಂಡು ಹಿಡಿಯುವುದು, ಎಸೆಯುವುದು ಎಲ್ಲ ಅವನೇ ಕಲಿಸಿಕೊಟ್ಟ. ತಪ್ಪಿದಾಗ ನಗುತ್ತಿದ್ದ, ಆದರೆ ಬಿಟ್ಟು ಹೋಗುತ್ತಿರಲಿಲ್ಲ. ಅಂಥವನೇ ಒಂದು ದಿನ ಎದುರು ಗುಂಪಿನಲ್ಲಿದ್ದು, ಚೆಂಡು ಪುಟಿಸುತ್ತಾ ನನ್ನ ಕಡೆಗೆ ನುಗ್ಗಿ ಬಂದ. ನನ್ನ ರಕ್ತಕ್ಕೆ ಇದು ಯಾವ ಆಟ ಅಂತ ಗೊತ್ತಿಲ್ಲ. ಡೈವ್ ಹೊಡೆದು ಎರಡೂ ಕಾಲು ತಬ್ಬಿಕೊಂಡೆ. ಆರೂವರೆ ಅಡಿಯ ಆಳು ದೊಪ್ಪನೆ ಬಿದ್ದ. ಕೋಚ್ ಸೀಟಿ ಊದಿದರು. ನಾನು ಬಿಡಲಿಲ್ಲ. ಮತ್ತೆ ಊದಿದರು. ಬಿಡಲಿಲ್ಲ.

"ಯಾಕೆ ಬಿಡುತ್ತಿಲ್ಲ?"

"ಕೈ ಚಾಚುತ್ತಿದ್ದಾನೆ ಸರ್. ಬಿಟ್ಟರೆ ನಡುಗೆರೆ ಮುಟ್ಟಿಬಿಡುತ್ತಾನೆ."

ಅಭ್ಯಾಸ ಮುಗಿದ ಮೇಲೆ ಕೋಚ್ ನನ್ನನ್ನು ಪಕ್ಕಕ್ಕೆ ಕರೆದರು. "ನಿನ್ನಷ್ಟು ಓಡುವವರು ಇಲ್ಲಿ ಯಾರೂ ಇಲ್ಲ. ಆದರೆ ಸೋಮವಾರ ಹನ್ನೆರಡು ಜನರ ಹೆಸರು ಹೇಳುತ್ತೇನೆ. ನಿನ್ನದು ಇರುವುದಿಲ್ಲ, ಬೇಸರ ಮಾಡಿಕೊಳ್ಳಬೇಡ."

"ಯಾಕೆ ಸರ್?"

"ಉಳಿದವರ ಕಾಲು ನನಗೆ ಬೇಕು."

ಹಿರಿಯರ ಹಬ್ಬ

ಆ ಭಾನುವಾರ ಮಹಾಲಯ ಅಮಾವಾಸ್ಯೆ. ನಮ್ಮ ಕಡೆ ಅದು ಹಿರಿಯರ ಹಬ್ಬ. ತೀರಿಕೊಂಡವರ ಹೆಸರಿನಲ್ಲಿ ಬಟ್ಟೆ ಇಟ್ಟು, ಅವರಿಗೆ ಇಷ್ಟವಾದದ್ದನ್ನು ಬೇಯಿಸಿ ಎಡೆ ಇಡುತ್ತೇವೆ.

ಕಾಲೇಜಿನ ಆಟದ ಹಾಲಿನ ಗೋಡೆಗೆ ಕೆಲವು ಹಳೆಯ ಜೆರ್ಸಿಗಳನ್ನು ಗಾಜಿನ ಕಟ್ಟು ಹಾಕಿಸಿ ತೂಗುಹಾಕಿದ್ದರು, ಕೆಳಗೆ ಹೆಸರು. ಇವರೆಲ್ಲ ಯಾರು ಅಂತ ಕ್ಯಾಪ್ಟನ್‌ನನ್ನು ಕೇಳಿದ್ದೆ. "ದೊಡ್ಡವರು. ಹೋದರು. ಆ ನಂಬರನ್ನು ಇನ್ನು ಯಾರೂ ಹಾಕುವಂತಿಲ್ಲ," ಅಂದಿದ್ದ. ಅಯ್ಯೋ, ಎಷ್ಟು ಜನ, ಅದೂ ಎಳೆ ವಯಸ್ಸಿನಲ್ಲಿ ಅಂತ ಲೊಚಗುಟ್ಟಿದ್ದೆ. ಕೋಚ್ ಕೈಬಿಟ್ಟ ಮೇಲೆ ನನಗೆ ಉಳಿದವರು ಆ ಹಿರಿಯರೇ ತಾನೆ?

ಬೆಳಗ್ಗೆಯೇ ಕೋಳಿಸಾರು, ಮುದ್ದೆ ಮಾಡಿದೆ. ಮೈಸೂರಿನ ಅಣ್ಣ ಅಡುಗೆಮನೆಗೆ ಬಂದರು.

"ಯಾರದೋ ಹಿರಿಯರಿಗೆ ನೀನ್ಯಾಕೋ ಎಡೆ ಇಡ್ತೀಯ?"

"ಅವರು ಓಡಿದ ನೆಲದಲ್ಲಿ ನಾನೂ ಓಡಿದ್ದೀನಿ ಅಣ್ಣ. ಋಣ ಇರಲ್ವಾ?"

"ಇರುತ್ತೆ, ಇರುತ್ತೆ. ಸಾರಿಗೆ ಉಪ್ಪು ಕಮ್ಮಿ."

ಎಲ್ಲ ಕಟ್ಟಿಕೊಂಡು ಕಾಲೇಜಿಗೆ ಹೋದೆ. ಆಟದ ಹಾಲ್‌ನಲ್ಲಿ ಯಾರೂ ಇರಲಿಲ್ಲ. ಎಲ್ಲ ಜೆರ್ಸಿಗಳಿಗೂ ಗುಲಾಬಿ ಹಾರ ಹಾಕಿ, ನಡುವಿನದರ ಕೆಳಗೆ ತಟ್ಟೆ ಇಟ್ಟು ಊದುಬತ್ತಿ ಹಚ್ಚಿದೆ. ನನಗೂ ಒಂದು ಜೆರ್ಸಿ ಕೊಡಿಸಿ ಅಂತ ಕೈಮುಗಿದೆ. ಅಷ್ಟರಲ್ಲಿ ಸೂಟು ಹಾಕಿದ ಭಾರಿ ಆಳೊಬ್ಬರು ಒಳಗೆ ಬಂದರು. ಚರ್ಚ್ ಮುಗಿಸಿ ಕೋಚ್ ಅವರನ್ನು ನೋಡಲು ಬಂದವರಂತೆ.

"ಏನಿದು?"

"ಶೂ ಬಿಚ್ಚಿ ಬನ್ನಿ ಸರ್. ಈ ಹಿರಿಯರಿಗೆ ಊಟ ಇಟ್ಟಿದ್ದೀನಿ."

ಅವರು ಶೂ ಬಿಚ್ಚಿದರು. ನಡುವಿನ ಜೆರ್ಸಿ ನೋಡಿದರು. "ಇವನಿಗೆ ಏನಾಯಿತು?"

"ತೀರಿಕೊಂಡರು. ಬಹಳ ಒಳ್ಳೆಯ ಮನುಷ್ಯ, ಪಾಪ."

"ನಿನಗೆ ಪರಿಚಯ ಇತ್ತಾ?"

"ತುಂಬ ಚೆನ್ನಾಗಿ."

ಅವರು ಜೇಬಿನಿಂದ ತಮ್ಮ ಕಾರ್ಡು ತೆಗೆದು ಕೊಟ್ಟರು. ಅಪ್ಪರ್ ಹಿಲ್‌ನ ಒಂದು ಬ್ಯಾಂಕಿನ ಮ್ಯಾನೇಜರು. ಹೆಸರು ಓದಿದೆ, ತಲೆ ಎತ್ತಿ ಗಾಜಿನ ಕೆಳಗಿನ ಹೆಸರು ಓದಿದೆ. ಎರಡೂ ಒಂದೇ.

ಸಿಕ್ಕಿಬಿದ್ದೆ. ಆದರೆ ನನ್ನ ಬಾಯಿ ಎಂದಾದರೂ ಸೋತಿದೆಯೇ? "ಆರೋಗ್ಯವಾಗಿದ್ದೀರಲ್ಲ ಸರ್, ಸಂತೋಷ. ಕೂತ್ಕೊಳ್ಳಿ, ಊಟ ಆರುತ್ತೆ," ಅಂದೆ.

ಕೂತೇಬಿಟ್ಟರು, ನೆಲದ ಮೇಲೆ, ಸೂಟಿನಲ್ಲೇ. ಮೆಕ್ಕೆಜೋಳದ ಮುದ್ದೆಯಂಥ ಉಗಾಲಿ ಉಂಡು ಬೆಳೆದ ಕೈ, ಮುದ್ದೆ ಮುರಿಯುವುದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ. ನಮ್ಮೂರಲ್ಲಿ ಎಡೆಯನ್ನು ಒಂದು ಕಾಗೆ ಮುಟ್ಟಿದರೆ ಸಾಕು ಅಂತ ಮಧ್ಯಾಹ್ನದವರೆಗೆ ಕಾಯುತ್ತೇವೆ. ಇಲ್ಲಿ ಹಿರಿಯರೇ ಬಂದು ಎರಡನೇ ಸಲ ಸಾರು ಕೇಳಿದರು.

ಕೋಚ್ ಬಾಗಿಲಲ್ಲಿ ನಿಂತು ಹಾರಗಳನ್ನೂ ನನ್ನನ್ನೂ ನೋಡುತ್ತಿದ್ದರು. ಮ್ಯಾನೇಜರು ಬೆರಳು ಚೀಪುತ್ತಾ ಹೇಳಿದರು:

"ಕೋಚ್, ನನ್ನ ಅಂಗಿಯನ್ನು ಗೋಡೆಗೆ ಹಾಕಿ ಎಷ್ಟು ವರ್ಷವಾಯಿತು. ಇಲ್ಲಿ ನನಗೆ ಊಟ ಹಾಕಿದವನು ಇವನೊಬ್ಬ. ಅದೂ ನಾನು ಸತ್ತ ಮೇಲೆ."

ಕೋಚ್ ಓರೆಯಾಗಿದ್ದ ಒಂದು ಹಾರವನ್ನು ಸರಿಮಾಡಿದರು. ಶೂ ಬಿಚ್ಚಿದರು. ಪಕ್ಕದಲ್ಲಿ ಕೂತು, "ಇನ್ನೂ ಮುದ್ದೆ ಇದೆಯಾ?" ಅಂದರು.

ಸೋಮವಾರ ಸಂಜೆ ಅವರು ನನಗೆ ತಂಡದ ಹನ್ನೆರಡನೆಯ ಜಾಗ ಕೊಟ್ಟರು. ಜೆರ್ಸಿಯನ್ನೂ ಕೊಟ್ಟರು.